ಓಲೆಗರಿಗಳಲ್ಲಿ ನಮ್ಮ ಹಿರಿಯರ ಬಾಳು

ಒಂದು ನಾಡಿನ ಪೂರ್ವಚರಿತ್ರೆಯನ್ನು ತಿಳಿಯಬೇಕೆನ್ನುವವರು ಮೊದಲು ಶಾಸನಗಳನ್ನು ಅರಸುವರು. ಅನಂತರ ನಾಣ್ಯಗಳನ್ನೂ ದೇವಾಲಯಗಳನ್ನೂ ಪರಿಶೀಲಿಸುವರು. ಇವು ಬಹುಮಟ್ಟಿಗೆ ಅರಸರು, ಸಾಮಂತರು ಮತ್ತು ಧನವಂತರು ಮಾಡಿಸಿಟ್ಟುಹೋದ ಕುರುಹುಗಳು. ಕಲ್ಲಿನಲ್ಲಿ ಹೆಸರನ್ನು ಕೆತ್ತಿಸಬೇಕಾದರೆ ಅಧಿಕಾರವಾದರೂ ಇರಬೇಕು, ಐಶ್ವರ್ಯವಾದರೂ ಇರಬೇಕು. ಇವೆರಡೂ ಇಲ್ಲದ ಸಾಮಾನ್ಯ ಗೃಹಸ್ಥರು ಏನನ್ನು ಓದುತ್ತಿದ್ದರು, ಹೇಗೆ ಮಾತನಾಡುತ್ತಿದ್ದರು, ದನಕ್ಕೆ ರೋಗ ಬಂದಾಗ ಯಾವ ಮದ್ದನ್ನು ಅರೆಯುತ್ತಿದ್ದರು, ಹೊಲಕ್ಕೆ ಎಷ್ಟು ಕಂದಾಯ ಕೊಡುತ್ತಿದ್ದರು ಎಂಬುದನ್ನು ಅರಿಯಲು ನಮಗಿರುವ ಮುಖ್ಯವಾದ ದಾರಿಯೆಂದರೆ ಕೈಬರಹದ ಹಳೆಯ ಪ್ರತಿಗಳು. ವಿದ್ವಾಂಸರು ಇವನ್ನು ಹಸ್ತಪ್ರತಿಗಳೆನ್ನುವರು. ನಮ್ಮ ಮನೆಗಳಲ್ಲಿ ಇವಕ್ಕೆ ಓಲೆಯ ಕಟ್ಟು, ತಾಳೆಗರಿ, ಕಡತ ಎಂಬ ಹೆಸರುಗಳಿವೆ.

ತಾಳವಾಡಿ ಸೀಮೆಯವರಾದ ನಮಗೆ ಈ ವಿಷಯವು ಉಳಿದ ಕನ್ನಡಿಗರಿಗಿಂತ ಒಂದು ಕೈ ಹೆಚ್ಚಾಗಿಯೇ ಬೇಕಾದುದು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಯಮತ್ತೂರು ಸೀಮೆಯೊಡನೆ ನಮ್ಮ ಬೆಟ್ಟದ ನಾಡೂ ಕಂಪನಿಯ ಆಳ್ವಿಕೆಗೆ ಸೇರಿತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ೧೯೭೯ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಈರೋಡು ಜಿಲ್ಲೆಯು ಬೇರ್ಪಟ್ಟಿತು. ಆಳುವ ಕಚೇರಿಗಳು ಹೀಗೆ ಬದಲಾದುವು. ಹಾಸನೂರು, ತಲಮಲೆ, ಗಾಜನೂರುಗಳ ಒಕ್ಕಲುಮನೆಗಳ ಮಾತು ಮಾತ್ರ ಬದಲಾಗಲಿಲ್ಲ. ಚರಿತ್ರೆಯನ್ನು ಬರೆಯುವವರು ಬೆಂಗಳೂರಿನಲ್ಲಿ ಕುಳಿತರೆ ನಾವು ಗಡಿಯಾಚೆಯವರು. ಚೆನ್ನೈಯಲ್ಲಿ ಕುಳಿತರೆ ದಿಂಬಂ ಘಟ್ಟದ ಮೇಲಿನವರು. ಎರಡು ಕಡೆಯ ಪುಸ್ತಕಗಳಲ್ಲಿಯೂ ನಮಗೆ ದೊರೆಯುವ ಸ್ಥಳವು ಅತ್ಯಲ್ಪ. ಆದುದರಿಂದ ನಮ್ಮ ಹಿರಿಯರು ತಮ್ಮ ಕೈಯಿಂದಲೇ ಬರೆದಿಟ್ಟುದು ಏನಾದರೂ ಉಳಿದಿದ್ದರೆ ಅದನ್ನು ಓದುವುದೂ ಕಾಪಾಡುವುದೂ ನಮ್ಮ ಕರ್ತವ್ಯವಾಗುತ್ತದೆ.

ಓಲೆಯಲ್ಲಿರುವ ಕಾವ್ಯವನ್ನು ಓದುವ ಮೊದಲೇ ಓಲೆಯು ತನ್ನ ಕಥೆಯನ್ನು ಹೇಳತೊಡಗುತ್ತದೆ. ತಾಳೆ, ಶ್ರೀತಾಳೆ ಎಂಬ ಎರಡು ಬಗೆಯ ಮರಗಳ ಗರಿಗಳನ್ನು ಬರಹಕ್ಕೆ ಬಳಸುತ್ತಿದ್ದರು. ಶ್ರೀತಾಳೆಯ ಗರಿ ಅಗಲವಾದುದು, ತೆಳುವಾದುದು, ಮೃದುವಾದುದು. ತಾಳೆಯದು ದಪ್ಪ, ಒರಟು. ಎಳೆಯ ಗರಿಯನ್ನು ಕೊಯ್ದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆಂದು ರಂಧ್ರ ಕೊರೆಯುತ್ತಿದ್ದರು. ಬರೆಯುವ ಸಾಧನವು ಕಂಠವೆಂಬ ಉಕ್ಕಿನ ಮೊನೆ. ಅದರಿಂದ ಅಕ್ಷರವನ್ನು ಕೊರೆದು, ಮೇಲೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ, ಕೊರೆದ ಗೀರಿನಲ್ಲಿ ಮಾತ್ರ ಮಸಿ ನಿಂತು ಅಕ್ಷರವು ಎದ್ದುಕಾಣುತ್ತದೆ. ಗರಿಯ ನಾರು ಉದ್ದಕ್ಕೆ ಹರಿಯುವುದರಿಂದ ನೇರವಾದ ಅಡ್ಡಗೆರೆಯನ್ನು ಬಲವಾಗಿ ಎಳೆದರೆ ಗರಿ ಸೀಳುತ್ತದೆ. ನಮ್ಮ ಕನ್ನಡದ ಅಕ್ಷರಗಳು ಇಷ್ಟು ದುಂಡಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಲಿಪಿಜ್ಞರಲ್ಲಿ ಅನೇಕರ ಅಭಿಪ್ರಾಯ. ಮಗುವು ಹಲಗೆಯ ಮೇಲೆ ತಿದ್ದುವ ದುಂಡಕ್ಷರದಲ್ಲಿ ಒಂದು ಮರದ ಗುಣವೂ ಸೇರಿದೆಯೆಂದರೆ ಆಶ್ಚರ್ಯವಲ್ಲವೆ?

ಇನ್ನು ಓಲೆಯ ಆಯುಸ್ಸನ್ನು ಗಮನಿಸಬೇಕು. ಶಿಲಾಶಾಸನವನ್ನು ಒಮ್ಮೆ ಕೆತ್ತಿದರೆ ಸಾವಿರ ವರ್ಷ ನಿಲ್ಲುತ್ತದೆ. ಗೆದ್ದಲು, ತೇವ, ಬೆಂಕಿ, ಇಲಿಗಳ ನಡುವೆ ಓಲೆಯು ಸಾಮಾನ್ಯವಾಗಿ ಕೆಲವು ತಲೆಮಾರು ಬಾಳಿ ಶಿಥಿಲವಾಗುತ್ತದೆ. ಅಷ್ಟರೊಳಗೆ ಯಾರಾದರೂ ಕುಳಿತು ಅದನ್ನು ಹೊಸ ಗರಿಗೆ ಇಳಿಸದಿದ್ದರೆ ಆ ಗ್ರಂಥವು ಲೋಕದಿಂದ ಹೋದಂತೆಯೇ ಸರಿ. ಇದರಿಂದ ಒಂದು ಮುಖ್ಯವಾದ ವಿಷಯವು ಹೊರಡುತ್ತದೆ. ಪಂಪನ ಕಾವ್ಯವು ಸಾವಿರ ವರ್ಷಗಳ ಅನಂತರ ನಮ್ಮ ಕೈಸೇರಿದೆಯೆಂದರೆ, ನಡುವೆ ಬಂದ ಕಾಲಕಾಲದ ಜನರು, ಹೆಸರು ತಿಳಿಯದ ಯಾರೋ ಒಬ್ಬೊಬ್ಬರು, ಇದು ಉಳಿಯಬೇಕೆಂದು ನಿಶ್ಚಯಿಸಿ ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಕುಳಿತಿದ್ದರೆಂದು ಅರ್ಥ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಬ್ಬ ಗೃಹಿಣಿಯು ಕೈಗೊಂಡ ಆ ಕಾರ್ಯದ ಮಹತ್ತ್ವವನ್ನು, ಒಂದೇ ಒಂದು ಗರಿಯನ್ನು ಕೊರೆದು ನೋಡಿದವರು ಚೆನ್ನಾಗಿ ಬಲ್ಲರು.

ಅಂತಹ ಪೋಷಕರು ದೊರೆಯದ ಗ್ರಂಥಗಳ ಗತಿಯು ಬೇರೆಯಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯದ ಒಂದು ಪ್ರತಿಯೂ ನಮಗೆ ದೊರೆತಿಲ್ಲ. ಗುಣವರ್ಮನ ಶೂದ್ರಕವು ಇತರರು ಉದಾಹರಿಸಿದ ಬಿಡಿಪದ್ಯಗಳಿಂದ ಮಾತ್ರ ತಿಳಿದಿದೆ. ಇವರು ಅಲ್ಪರಾದ ಕವಿಗಳೆಂದು ಯಾರೂ ಹೇಳಲಾರರು. ಅವರ ಓಲೆಗಳನ್ನು ಸಕಾಲದಲ್ಲಿ ಪ್ರತಿಮಾಡುವವರು ಇರಲಿಲ್ಲವೆಂಬುದಷ್ಟೇ ಅದರ ಅರ್ಥ.

ನಮ್ಮ ಅಕ್ಷರಗಳು ಕನ್ನಡವನ್ನು ಮಾತ್ರ ಕಾಪಾಡಿದುವೆಂದು ಭಾವಿಸಬಾರದು. ಜೈನರಿಗೆ ಪರಮಪವಿತ್ರವಾದ ಷಟ್ಖಂಡಾಗಮವೂ ಅದರ ಧವಲಾ ವ್ಯಾಖ್ಯಾನವೂ ಪ್ರಾಕೃತ ಸಂಸ್ಕೃತಗಳಲ್ಲಿ ರಚಿತವಾದುವು. ಆದರೆ ಇವುಗಳ ಪ್ರಾಚೀನ ಪ್ರತಿಗಳು ಉಳಿದುಬಂದುದು ದಕ್ಷಿಣ ಕನ್ನಡದ ಮೂಡಬಿದಿರೆಯಲ್ಲಿ, ಶ್ರೀತಾಳೆಯ ಗರಿಗಳ ಮೇಲೆ, ಹಳೆಯ ಕನ್ನಡ ಲಿಪಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವನ್ನು ಶ್ರಮಪಟ್ಟು ಪ್ರತಿಮಾಡಿಸಿದರು. ೧೯೩೯ರಿಂದ ಅಚ್ಚಿನ ಸಂಪುಟಗಳು ಹೊರಬಂದುವು. ಇದಕ್ಕೆ ಎದುರಾದ ನಿದರ್ಶನವೂ ಉಂಟು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ತಂದೊಪ್ಪಿಸಿದರು. ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ೧೯೦೯ರಲ್ಲಿ ಅಚ್ಚು ಮಾಡಿಸಿದರು. ತಮಿಳುನಾಡಿನಿಂದ ಬಂದ ಓಲೆಯು ಕನ್ನಡನಾಡಿನಲ್ಲಿ ಕಣ್ದೆರೆಯಿತು. ಪ್ರಾಕೃತದ ಗ್ರಂಥವು ಕನ್ನಡದ ಅಕ್ಷರದಲ್ಲಿ ಬದುಕಿತು. ಗಡಿಗಳನ್ನು ಎಳೆಯುವ ಕಾಲಕ್ಕೆ ಬಹಳ ಮುಂಚೆಯೇ ಓಲೆಗಳು ಊರಿಂದೂರಿಗೆ, ಭಾಷೆಯಿಂದ ಭಾಷೆಗೆ ಸಂಚರಿಸುತ್ತಿದ್ದುವೆಂಬುದಕ್ಕೆ ಇವೆರಡು ಸಾಕು.

ಹಸ್ತಪ್ರತಿಯ ಗುಣವನ್ನು ಹೇಳಿದ ಮೇಲೆ ಅದರ ದೋಷವನ್ನೂ ಹೇಳಬೇಕು. ಏಕೆಂದರೆ ದೋಷವೇ ಕೆಲವೊಮ್ಮೆ ಹೆಚ್ಚಿನ ಸಾಕ್ಷ್ಯವನ್ನು ಕೊಡುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರವು ಜಾರಿಹೋಗುವುದು ಎಲ್ಲರಿಗೂ ಗೊತ್ತು. ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಶಾಲೆಯ ಮಕ್ಕಳು ಹೀಗೆ ಬರೆದರೆ ನಾವು ಕೆಂಪು ಶಾಯಿಯಿಂದ ತಿದ್ದುವೆವು. ಕೆಲವು ಮಕ್ಕಳು ಶಿಕ್ಷೆಯ ಅಂಜಿಕೆಯಿಂದ, ಇಲ್ಲದ ಕಡೆಯೂ ಹಕಾರವನ್ನು ಹಚ್ಚಿ ಅಕ್ಕಿಯನ್ನು ‘ಹಕ್ಕಿ’ ಮಾಡುವುದೂ ಉಂಟು. ಹಳೆಯ ಲಿಪಿಕಾರರೂ ಹೀಗೆಯೇ. ಅಲ್ಪಪ್ರಾಣ ಮಹಾಪ್ರಾಣಗಳ, ಶಕಾರ ಸಕಾರಗಳ, ಅಕಾರ ಹಕಾರಗಳ ಪಲ್ಲಟವು ಓಲೆಗಳಲ್ಲಿ ಬೇಕಾದಷ್ಟು ಸಿಕ್ಕುತ್ತದೆ. ಪ್ರತಿಯನ್ನು ಬರೆದವನು ಯಾವ ಸೀಮೆಯವನು, ಎಷ್ಟು ಓದಿದವನು, ಕಣ್ಣಿನಿಂದ ನೋಡಿ ಬರೆದನೋ ಮತ್ತೊಬ್ಬರು ಓದುವುದನ್ನು ಕಿವಿಯಿಂದ ಕೇಳಿ ಬರೆದನೋ ಎಂಬುದನ್ನು ಊಹಿಸಲು ಈ ತಪ್ಪುಗಳೇ ಆಧಾರ. ಸುಮಾರು ೧೨೬೦ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳಾಕ್ಷರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಜನರ ಬಾಯಲ್ಲಿ ಆ ಅಕ್ಷರದ ಭೇದವು ಆಗಲೇ ಅಳಿಯುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೀಗೆ ಪ್ರತಿಪ್ರತಿಗೂ ಇರುವ ವ್ಯತ್ಯಾಸಗಳನ್ನು ತೂಗಿ ಕವಿಯ ಮೂಲಪಾಠವನ್ನು ನಿರ್ಣಯಿಸುವ ಶಾಸ್ತ್ರವನ್ನು ಡಿ. ಎಲ್. ನರಸಿಂಹಾಚಾರ್ಯರು ೧೯೬೪ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಸಂಪಾದಕನಿಗೆ ಕಳೆಯಾಗಿ ತೋರುವ ತಪ್ಪು, ಆಡುಮಾತಿನ ಚರಿತ್ರೆಯನ್ನು ಬರೆಯುವವನಿಗೆ ಬೆಳೆಯಾಗುತ್ತದೆ.

ಗ್ರಂಥದ ಕೊನೆಯ ಗರಿಯನ್ನು ಎಂದೂ ಅಲಕ್ಷಿಸಬಾರದು. ಅಲ್ಲಿ ಲಿಪಿಕಾರನು ಕವಿಯನ್ನು ಬಿಟ್ಟು ತನ್ನ ಸ್ವಂತ ಮಾತಿಗೆ ಇಳಿಯುತ್ತಾನೆ. ಇಂತಹ ಸಂವತ್ಸರ, ಮಾಸ, ತಿಥಿ, ವಾರದಲ್ಲಿ, ಇಂತಹ ಊರಿನ ಇಂತಹವರ ಮಗನು, ಇಂತಹವರಿಗಾಗಿ ಬರೆದು ಮುಗಿಸಿದನೆಂದು ತಿಳಿಸುತ್ತಾನೆ. ತಾನು ಕಂಡಂತೆ ಬರೆದಿರುವೆನು, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು ಎಂದು ಬೇಡುತ್ತಾನೆ. ಬೆನ್ನು ಸೊಂಟಗಳು ನೊಂದು, ಕತ್ತು ಬಾಗಿ, ದೃಷ್ಟಿ ಮಂದವಾಗಿ ಬರೆದ ಈ ಪ್ರತಿಯನ್ನು ಮಗುವಿನಂತೆ ಕಾಪಾಡಬೇಕು, ಎಣ್ಣೆ ನೀರುಗಳಿಂದ ರಕ್ಷಿಸಬೇಕು, ಸಡಿಲವಾಗಿ ಕಟ್ಟಬಾರದು, ಮೂರ್ಖನ ಕೈಗೆ ಕೊಡಬಾರದು ಎಂದು ಎಚ್ಚರಿಸುವ ವಾಡಿಕೆಯೂ ಉಂಟು. ಕಾವ್ಯದಲ್ಲಿ ಕಾಣಸಿಗದ ಸಾಮಾನ್ಯ ಮನುಷ್ಯನು ಈ ನಾಲ್ಕು ಸಾಲುಗಳಲ್ಲಿ ನಮ್ಮೆದುರಿಗೆ ಬಂದು ನಿಲ್ಲುತ್ತಾನೆ. ಕಾಲನಿರ್ಣಯಕ್ಕೂ ಈ ಸಾಲುಗಳೇ ಬೇಕು. ಆದರೆ ಅರವತ್ತು ಸಂವತ್ಸರಗಳ ಚಕ್ರವು ಮತ್ತೆ ಮತ್ತೆ ತಿರುಗುವುದರಿಂದ, ಶಕವರ್ಷವನ್ನು ಹೇಳದೆ ‘ವಿಳಂಬಿ ಸಂವತ್ಸರ’ವೆಂದಷ್ಟೇ ಬರೆದಿದ್ದರೆ ಅದು ೧೭೭೮ ಆಗಬಹುದು, ೧೮೩೮ ಆಗಬಹುದು, ೧೮೯೮ ಸಹ ಆಗಬಹುದು. ಆಗ ತಿಥಿವಾರಗಳ ಹೊಂದಾಣಿಕೆಯಿಂದಲೂ ಅಕ್ಷರದ ಆಕಾರದಿಂದಲೂ, ಅಲ್ಲಿ ಹೆಸರಿಸಿರುವ ವ್ಯಕ್ತಿಗಳ ವಂಶಾವಳಿಯಿಂದಲೂ ನಿಶ್ಚಯಿಸಬೇಕಾಗುತ್ತದೆ. ಮನೆಯ ಹಿರಿಯರಿಗೆ ನೆನಪಿರುವ ಮುತ್ತಜ್ಜನ ಹೆಸರೊಂದು ವಿದ್ವಾಂಸರ ಅನುಮಾನವನ್ನು ಬಗೆಹರಿಸುವುದು ಹೀಗೆ.

ಓಲೆಗಳಲ್ಲಿ ಪುರಾಣಕಾವ್ಯಗಳು ಮಾತ್ರ ಇರುತ್ತವೆಂದು ಬಹುಜನರು ತಿಳಿದಿದ್ದಾರೆ. ಸುಮಾರು ೧೦೨೫ರ ಚಾವುಂಡರಾಯನ ಲೋಕೋಪಕಾರವು ಹೆಸರಿಗೆ ತಕ್ಕಂತೆ ಲೋಕವ್ಯವಹಾರಕ್ಕೆ ಬೇಕಾದ ನಾನಾ ವಿಷಯಗಳನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯವು ದನಗಳ ಚಿಕಿತ್ಸೆಯ ಗ್ರಂಥ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯದ ಗ್ರಂಥ. ಹಾವು ಚೇಳುಗಳ ಕಾಡಿನ ಅಂಚಿನಲ್ಲಿ ಹಸು ಎಮ್ಮೆಗಳನ್ನು ಸಾಕಿ ಬಾಳುವ ನಮ್ಮಂತಹವರಿಗೆ ಇಂತಹ ಗ್ರಂಥಗಳನ್ನು ಏಕೆ ಬರೆದರೆಂದು ವಿವರಿಸಬೇಕಾದುದಿಲ್ಲ. ಶಾಸ್ತ್ರವನ್ನು ಸಂಸ್ಕೃತದಲ್ಲಿ ಬಿಡದೆ ಕನ್ನಡದಲ್ಲಿ ಬರೆದರೆಂದರೆ, ಕನ್ನಡವನ್ನು ಮಾತ್ರ ಬಲ್ಲ ಗೃಹಸ್ಥನಿಗೂ ಅದು ತಲುಪಬೇಕೆಂಬ ಉದ್ದೇಶವಿದ್ದಿತೆಂದು ತಿಳಿಯಬೇಕು.

ನಮ್ಮ ನೆರೆಯ ಊರುಗಳನ್ನೇ ನೋಡೋಣ. ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದೊಡನೆ ಹೆಸರು ಬೆಸೆದುಕೊಂಡಿರುವ ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯೆಂಬ ವಿಶ್ವಕೋಶಸದೃಶವಾದ ಗ್ರಂಥವನ್ನು ರಚಿಸಿದರು. ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು ಹದಿಬದೆಯ ಧರ್ಮವನ್ನು ಬರೆದಳು. ಚಾಮರಾಜನಗರದ ಬಳಿಯ ಮಲೆಯೂರಿನ ಕನಕಗಿರಿಯು ಜೈನಕ್ಷೇತ್ರ. ಅಲ್ಲಿಯ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಾವಳೀಕಥೆಯನ್ನು ರಚಿಸಿದನು. ವೀರಶೈವ ಯೋಗಿ, ಅರಮನೆಯ ಊಳಿಗದ ಹೆಣ್ಣುಮಗಳು, ಜೈನ ಪಂಡಿತ, ಇವರೆಲ್ಲರೂ ನಮ್ಮಿಂದ ಬಹುದೂರವಲ್ಲದ ಒಂದೇ ಸೀಮೆಯವರು. ಒಂದೇ ಅಕ್ಷರದಲ್ಲಿ ಬರೆದವರು.

ಈ ದೇವಚಂದ್ರನ ವೃತ್ತಾಂತವು ನಮಗೆ ವಿಶೇಷವಾಗಿ ಪಾಠವಾಗತಕ್ಕದ್ದು. ಟಿಪ್ಪುವಿನ ಪತನದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ನಿಯಮಿತನಾದ ಕರ್ನಲ್ ಕಾಲಿನ್ ಮೆಕೆಂಜಿಯು ನೆಲವನ್ನು ಅಳೆಯುವುದರ ಜೊತೆಗೆ ಊರೂರಿನ ಶಾಸನ, ಓಲೆ, ಕೈಫಿಯತ್ತುಗಳನ್ನು ಕಾವಲಿ ಸಹೋದರರೇ ಮೊದಲಾದ ಸಹಾಯಕರಿಂದ ಕೂಡಿಹಾಕಿಸಿದನು. ೧೮೦೪ರ ಸುಮಾರಿಗೆ ಅವನು ಈ ಕಡೆಗೆ ಬಂದಾಗ ದೇವಚಂದ್ರನು ಅವನಿಗೆ ನೆರವಾದನು. ಮೆಕೆಂಜಿಯು ೧೮೧೫ರಲ್ಲಿ ಇಡೀ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆಗಿ, ೧೮೨೧ರಲ್ಲಿ ತೀರಿಕೊಂಡನು. ಅವನ ಸಂಗ್ರಹದ ಒಂದು ಭಾಗವು ಲಂಡನ್ನಿಗೆ ಹೋಯಿತು. ಇನ್ನೊಂದು ಭಾಗವು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಅಲ್ಲಿಯ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಪ್ರಕಟಿಸಿದ ಮೇಲೆ ಎಷ್ಟೋ ಹಳ್ಳಿಗಳ ಪೂರ್ವೋತ್ತರವು ಕನ್ನಡಿಗರಿಗೆ ತಿಳಿಯಿತು. ಹೊರಗಿನವನೊಬ್ಬನು ಬೆಲೆಯರಿತು ಕೇಳಿದುದರಿಂದ ಅವು ಉಳಿದುವು. ಅವನು ಕೇಳದ ಊರುಗಳ ಓಲೆಗಳ ಹೊಣೆಯು ಆಯಾ ಊರಿನವರ ಮೇಲೆಯೇ ಬಿದ್ದಿತು.

ಇನ್ನು ಕಡತದ ವಿಷಯ. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ಕಡತವೆನ್ನುವೆವು. ಆದರೆ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಸೇರಿಸಿ ಬಳಿದು, ಕಪ್ಪುಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕಟ್ಟಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಹೊರಬಂದ ತನ್ನ ಚರಿತ್ರೆಯ ಗ್ರಂಥದಲ್ಲಿ, ಕಡತದ ಬಟ್ಟೆಯು ೮ ಅಂಗುಲದಿಂದ ೧ ಅಡಿಯವರೆಗೆ ಅಗಲವೂ ೧೨ರಿಂದ ೧೮ ಅಡಿಯವರೆಗೆ ಉದ್ದವೂ ಇರುತ್ತಿತ್ತೆಂದು ವಿವರಿಸಿದ್ದಾನೆ. ಓಲೆಯಲ್ಲಿ ಕೊರೆದುದನ್ನು ಅಳಿಸಲಾಗದು. ಕಡತದಲ್ಲಿ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು. ವರ್ಷವರ್ಷವೂ ಬದಲಾಗುವ ಕಂದಾಯ, ಸಾಲ, ಕೊಳಗ ಖಂಡುಗಗಳ ಲೆಕ್ಕಕ್ಕೆ ಇದು ಎಷ್ಟು ಅನುಕೂಲವೆಂದು ಶಾನುಭೋಗರು ಅರಿತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಅಳತೆಯಲ್ಲಿ ಯಾರ ಹೊಲಕ್ಕೆ ಎಷ್ಟು ಬೀಜ, ಯಾವ ದೇವರಿಗೆ ಎಷ್ಟು ಮಾನ್ಯ ಎಂಬುದನ್ನು ತಿಳಿಸುವ ಇಂತಹ ಲೆಕ್ಕವು ಯಾವ ಕಾವ್ಯಕ್ಕೂ ಕಡಮೆಯಾದುದಲ್ಲ. ತಮಿಳುನಾಡಿನಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಪದ್ಧತಿಯು ೧೯೮೦ರಲ್ಲಿ ರದ್ದಾಯಿತು. ಅಧಿಕಾರವು ಹೋದ ಮೇಲೆ ಲೆಕ್ಕದ ಮನೆಗಳ ಹಳೆಯ ಕಟ್ಟುಗಳು ಯಾರಿಗೂ ಬೇಡವಾಗುವುದು ಸಹಜ. ಬೇಡವಾದ ವಸ್ತುವಿಗೆ ಒದಗುವ ಗತಿಯೇ ಅವಕ್ಕೂ ಒದಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅವಶ್ಯಕ. ಓಲೆಯಲ್ಲಿಲ್ಲದುದು ನಾಡಿನಲ್ಲಿಯೇ ಇರಲಿಲ್ಲವೆಂದು ತಿಳಿಯಕೂಡದು. ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಗಟ್ಟಲೆ ಹಾಡುತ್ತಾ ಬಂದಿದ್ದಾರೆ. ವಿದ್ವಾಂಸರು ಇವನ್ನು ಬರೆದುಕೊಂಡು ಅಚ್ಚಿಗೆ ತಂದುದು ಇಪ್ಪತ್ತನೆಯ ಶತಮಾನದಲ್ಲಿ. ನಮ್ಮ ಕಾಡುಗಳ ಸೋಲಿಗರು ಗಿಡಮೂಲಿಕೆಗಳ ಅಪಾರವಾದ ಜ್ಞಾನವನ್ನು ನೆನಪಿನಲ್ಲಿಯೇ ಹೊತ್ತು ತಂದರು. ಯಾರ ಕೈಗೆ ಕಂಠವು ಬಂದಿತು, ಯಾರಿಗೆ ಬರಲಿಲ್ಲವೆಂಬುದನ್ನೂ ಹಸ್ತಪ್ರತಿಗಳು ತಮ್ಮ ಮೌನದಿಂದ ತಿಳಿಸುತ್ತವೆ. ಆದುದರಿಂದ ಅಟ್ಟದ ಮೇಲಿನ ಓಲೆಯನ್ನು ಹುಡುಕುವವರು ಜಗುಲಿಯ ಮೇಲಿನ ಅಜ್ಜಿಯ ಹಾಡನ್ನೂ ಕೇಳಿ ಬರೆದುಕೊಳ್ಳಬೇಕು.

ಮನೆಮನೆಯ ಓಲೆಗಳಿಂದ ಏನು ಲಭಿಸುತ್ತದೆಂಬುದಕ್ಕೆ ನಮಗೆ ಎರಡು ಆದರ್ಶಗಳಿವೆ. ಒಂದು ಕನ್ನಡದ್ದು, ಒಂದು ತಮಿಳಿನದು. ಬಿಜಾಪುರದ ಫ. ಗು. ಹಳಕಟ್ಟಿಯವರು ವಕೀಲಿಯನ್ನು ಹಿಂದಿಕ್ಕಿ, ಊರೂರು ತಿರುಗಿ, ಮಠಗಳಲ್ಲಿಯೂ ಮನೆಗಳಲ್ಲಿಯೂ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳ ಕಟ್ಟುಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ತಮಿಳಿನ ಉ. ವೇ. ಸ್ವಾಮಿನಾಥ ಅಯ್ಯರ್ ಅವರು (೧೮೫೫–೧೯೪೨) ಹಾಗೆಯೇ ಊರೂರು ಅಲೆದು ಸಂಘಕಾಲದ ಗ್ರಂಥಗಳನ್ನು ಬೆಳಕಿಗೆ ತಂದರು. ಹಳೆಯ ಓಲೆಗಳನ್ನು ಆಡಿ ಹದಿನೆಂಟರ ಹೊಳೆಗೆ ಬಿಟ್ಟುಬಿಡುತ್ತಿದ್ದ ಪದ್ಧತಿಯನ್ನು ಕೇಳಿ ಆ ಮಹನೀಯರು ಮರುಗಿದರು. ಓಲೆಯನ್ನು ನೀರಿಗೆ ಬಿಟ್ಟವರು ಅಧರ್ಮಿಗಳಲ್ಲ. ಓದಲು ಬಾರದ ಪವಿತ್ರವಸ್ತುವನ್ನು ಕಸಕ್ಕೆ ಎಸೆಯಲು ಮನಸ್ಸೊಪ್ಪದೆ ಗಂಗೆಗೆ ಒಪ್ಪಿಸಿದವರು. ಭಕ್ತಿಯಿದ್ದರೂ ಅಕ್ಷರಜ್ಞಾನವಿಲ್ಲದಿದ್ದರೆ ಗ್ರಂಥವು ಉಳಿಯದೆಂಬುದು ಇದರಿಂದ ತಿಳಿಯುವ ಕಠಿನವಾದ ಸತ್ಯ.

ಆದುದರಿಂದ ನಮ್ಮ ಸೀಮೆಯ ಕುಟುಂಬಗಳಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಅಟ್ಟದ ಮೇಲೆ, ದೇವರ ಕೋಣೆಯಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಓಲೆಯ ಕಟ್ಟು, ಕಡತ, ಹಳೆಯ ಕಾಗದದ ಬರಹ ಏನಿದ್ದರೂ ಅದನ್ನು ನದಿಗೆ ಬಿಡಬೇಡಿರಿ, ಒಲೆಗೆ ಹಾಕಬೇಡಿರಿ, ಹಳೆಯ ಸಾಮಾನಿನವನಿಗೆ ಮಾರಬೇಡಿರಿ. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬಾರದು, ನೀರಿನಲ್ಲಿ ತೊಳೆಯಬಾರದು, ಬಿಸಿಲಿಗೆ ಹಾಕಬಾರದು, ಅಂಟುಕಾಗದವನ್ನು ಹಚ್ಚಬಾರದು. ಶುಭ್ರವಾದ ಒಣಬಟ್ಟೆಯಲ್ಲಿ ಸುತ್ತಿ, ತಮಿಳಿನಲ್ಲಿ ವಸಂಬು ಎನ್ನುವ ಬಜೆಯ ತುಂಡುಗಳನ್ನಾಗಲಿ ಒಣಗಿದ ಬೇವಿನೆಲೆಯನ್ನಾಗಲಿ ಜೊತೆಯಲ್ಲಿಟ್ಟರೆ ಹುಳುವಿನ ಕಾಟ ತಗ್ಗುವುದು. ಪ್ರತಿಯೊಂದು ಗರಿಯ ಎರಡು ಮುಖಗಳನ್ನೂ ಕ್ರಮವಾಗಿ ಮೊಬೈಲ್ ಫೋನಿನಿಂದ ಚಿತ್ರ ತೆಗೆದಿಡಿರಿ. ಮೂಲವನ್ನು ಮನೆಯಿಂದ ಕಳುಹಿಸಲು ಇಷ್ಟವಿಲ್ಲದವರು ಚಿತ್ರವನ್ನಾದರೂ ತಿಳಿದವರಿಗೆ ತೋರಿಸಬಹುದು. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಚೆನ್ನೈಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಕನ್ನಡ ಓಲೆಗಳ ಸಂಗ್ರಹಗಳಿವೆ. ಕೇಂದ್ರ ಸರ್ಕಾರವು ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು; ೨೦೨೫ರಲ್ಲಿ ಜ್ಞಾನಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳ ಸಮೀಕ್ಷೆ ಸಂರಕ್ಷಣೆಗಳ ಯೋಜನೆಯನ್ನು ಘೋಷಿಸಿತು. ಆದರೆ ಯಾವ ಯೋಜನೆಯೂ ನಮ್ಮ ಅಟ್ಟವನ್ನು ತಾನಾಗಿಯೇ ಹತ್ತಿ ನೋಡಲಾರದು. ಕನ್ನಡ ಸಂಘವು ಊರೂರಿಗೆ ಇಬ್ಬರು ತರುಣರನ್ನು ನಿಯಮಿಸಿ, ಯಾರ ಮನೆಯಲ್ಲಿ ಏನಿದೆಯೆಂಬ ಒಂದು ಪಟ್ಟಿಯನ್ನು ಸಿದ್ಧಪಡಿಸಿದರೆ ಮುಂದಿನ ವಾರ್ಷಿಕೋತ್ಸವಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಇರಲಾರದು.

ಇದೆಲ್ಲಕ್ಕೂ ಮೊದಲು ಬೇಕಾದುದು ಒಂದುಂಟು. ನಮ್ಮ ಮಕ್ಕಳು ತಮಿಳನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಬದುಕಿಗೆ ಅವೆರಡೂ ಬೇಕು. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಗುವು ಕನ್ನಡದ ಅಕ್ಷರವನ್ನೇ ಕಲಿಯದೆ ಬೆಳೆದರೆ, ತನ್ನ ಮುತ್ತಜ್ಜನ ಹೆಸರಿರುವ ಓಲೆಯೂ ಅದಕ್ಕೆ ಬರಿಯ ಗೀಚಾಗಿ ತೋರುತ್ತದೆ. ಒಂದು ತಲೆಮಾರು ಪ್ರತಿಮಾಡುವುದನ್ನು ಬಿಟ್ಟುದರಿಂದ ವಿಮಲ, ಉದಯರ ಗದ್ಯವು ಹೋಯಿತು. ಒಂದು ತಲೆಮಾರು ಓದುವುದನ್ನು ಬಿಟ್ಟರೆ ಉಳಿದಿರುವುದೂ ಹೋಗುತ್ತದೆ. ಹಳೆಯ ಲಿಪಿಕಾರನು ಕೊನೆಯ ಗರಿಯಲ್ಲಿ ಕೈಮುಗಿದು ಬೇಡಿಕೊಂಡುದು ಮುಂದೆ ಹುಟ್ಟಿಬರುವ ಓದುಗನನ್ನು. ಆ ಓದುಗನು ತಾಳವಾಡಿಯ ಶಾಲೆಗಳಲ್ಲಿ ಬೆಳೆದುಬರಲಿ. ಸಂಘದ ಕಾರ್ಯವು ಅದಕ್ಕೆ ನೆರವಾಗಲಿ.